ಇಲಿಗಳ ಪಂಕ್ತಿಗೆ ಬಡಿಸಿದ ಚಂದಯ್ಯ

ದೇವರು ಮನುಷ್ಯರಿಗೆ ವಿದ್ಯೆ ಹಂಚುತ್ತಿದ್ದ ದಿನ ಗುಲ್ವಾಡಿಯ ಚಂದಯ್ಯ ಶೆಟ್ಟಿ ಸಾಲಿನ ಕಟ್ಟಕಡೆಗೆ ನಿಂತಿದ್ದನಂತೆ. ಲೆಕ್ಕ, ಹಾಡು, ಈಜು, ಮಾತಿನ ಮೋಡಿ ಎಲ್ಲವೂ ಮುಂದಿನವರ ಪಾಲಾಗಿ, ಅವನ ಸರದಿ ಬರುವ ಹೊತ್ತಿಗೆ ಬುಟ್ಟಿಯ ತಳದಲ್ಲಿ ಒಂದೇ ಒಂದು ವಿದ್ಯೆ ಉಳಿದಿತ್ತು. ಅದು ಬಡಿಸುವ ವಿದ್ಯೆ. ದೇವರಿಗೂ ಅಷ್ಟರಲ್ಲಿ ಮನೆಗೆ ಹೋಗುವ ಆತುರ. ಇರಲಿ ಎಂದು ಬುಟ್ಟಿಯನ್ನೇ ಅವನ ತಲೆಯ ಮೇಲೆ ಕವುಚಿಬಿಟ್ಟ.

ಹಾಗಾಗಿ ಚಂದಯ್ಯ ಗದ್ದೆಗಿಳಿದರೆ ಎತ್ತುಗಳು ದಾರಿ ತಪ್ಪುತ್ತಿದ್ದವು. ಸಂತೆಗೆ ಹೋದರೆ ಕೊಡೆ ಅಲ್ಲೇ ಉಳಿಯುತ್ತಿತ್ತು. ಆದರೆ ಕೈಯಲ್ಲಿ ಸೌಟು ಹಿಡಿದನೆಂದರೆ ಅವನು ಬೇರೆಯೇ ಮನುಷ್ಯ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಮದುವೆಯಾಗಲಿ, ಸಾವಿನ ಬೊಜ್ಜವಾಗಲಿ, ಊಟದ ಹಂತಿಗೆ ಬಡಿಸಲು ಚಂದಯ್ಯ ಬೇಕು. ಮದುಮಗನ ಸೋದರಮಾವನ ಎಲೆಗೆ ಎಷ್ಟು ಪಾಯಸ ಬಿತ್ತೋ, ಕೊಟ್ಟಿಗೆ ಬದಿಯಲ್ಲಿ ಕುಳಿತ ವಾಲಗದವನ ಎಲೆಗೂ ಅಷ್ಟೇ ಬೀಳಬೇಕು. ಒಮ್ಮೆ ಮದುವೆಯೊಂದರಲ್ಲಿ ಧಣಿಗಳಿಗೆ ಮಾತ್ರ ತುಪ್ಪ ಎಂದು ಯಾರೋ ಕಿವಿಯಲ್ಲಿ ಹೇಳಿದ್ದಕ್ಕೆ ಸೌಟು ಕೆಳಗಿಟ್ಟು ನಡೆದೇ ಬಂದಿದ್ದ. ಪಂಕ್ತಿಭೇದ ಮಾಡಿದವನ ಕೈ ಏಳು ಜನ್ಮ ಸೌಟು ಹಿಡಿಯಲಾರದು ಎಂಬುದು ಅವನು ಕಲಿತ ಒಂದೇ ಶಾಸ್ತ್ರ.

ಆ ಮನೆಗೆ ಇನ್ನೊಂದು ಹೆಗ್ಗಳಿಕೆಯೂ ಇತ್ತು, ಬಾವಿನ ಮದ್ದು. ಕೈ ಬೀಗಲಿ, ಕಾಲು ಬೀಗಲಿ, ಗಂಟು ಊದಲಿ, ಊರವರು ಕುಂಟುತ್ತ ಬಂದು ಚಂದಯ್ಯನ ತಾಯಿ ರಾಜೀವಿ ಶೆಡ್ತಿಯ ಜಗಲಿಯಲ್ಲಿ ಕೂರುತ್ತಿದ್ದರು. ಅವಳು ಹಿಂದಿನ ಸಂಜೆಯೇ ಹಿತ್ತಿಲ ಲಕ್ಕಿ ಗಿಡದ ಬುಡಕ್ಕೆ ನಾಲ್ಕು ಅಕ್ಕಿಕಾಳು ಹಾಕಿ, ‘ನಾಳೆ ಬತ್ತೆ’ ಎಂದು ಹೇಳಿ ಬರುವಳು. ಹೇಳದೆ ಕೊಯ್ದ ಸೊಪ್ಪು ಮದ್ದಲ್ಲ, ಕಳವು. ಬೆಳಿಗ್ಗೆ ಕೊಯ್ದು ಕುಡಿಸುವುದಕ್ಕೆ ಕಷಾಯ, ಹಚ್ಚುವುದಕ್ಕೆ ಅರೆದ ಸೊಪ್ಪು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಚಂದಯ್ಯ ಅದನ್ನು ‘ನಮ್ಮ ಮದ್ದು’ ಎನ್ನುತ್ತಿದ್ದ. ಒಂದು ಸಲ ಅವನೇ ಸೊಪ್ಪು ಕೊಯ್ದು ತಂದಾಗ ರೋಗಿಯ ಬಾವು ಹಾಗೇ ಇದ್ದು, ತುರಿಕೆ ಹೆಚ್ಚುವರಿಯಾಗಿ ಬಂದಿತ್ತು. ಆಮೇಲೆ ಅವನ ಕೆಲಸ ರೋಗಿಗಳಿಗೆ ಬೆಲ್ಲ ನೀರು ಕೊಡುವುದಷ್ಟೇ.

ಅಂಥ ಮನೆಗೆ ಒಂದು ದಿನ ಡಾಕ್ಟರ್ ಸ್ನೇಹಲತಾ ಕುಂಟುತ್ತ ಬಂದರು. ಮಂಗಳೂರಿನ ಕಡೆಯವರು; ಯಾವುದೋ ಕಾಲೇಜಿನವರು ಬ್ರಹ್ಮಾವರದ ಹತ್ತಿರ ಹೆಂಚಿನ ಕಟ್ಟಡವೊಂದರಲ್ಲಿ ನಡೆಸುತ್ತಿದ್ದ ಔಷಧಿಗಳ ಪ್ರಯೋಗಶಾಲೆಗೆ ಹೊಸದಾಗಿ ಬಂದಿದ್ದರು. ಹಟ್ಟಿಯಂಗಡಿ ದೇವಸ್ಥಾನಕ್ಕೆಂದು ಹೊರಟವರು ಗುಲ್ವಾಡಿಯ ಕಡವಿನಲ್ಲಿ ದೋಣಿಯಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡಿದ್ದರು. ಪಾದ ಚಪ್ಪರದ ಕುಂಬಳಕಾಯಿಯಂತೆ ಬೀಗಿತ್ತು. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಕೊಯ್ದ ಮದ್ದು ಕುಡಿದು, ಹಚ್ಚಿಸಿಕೊಂಡರು. ಮಾರನೆಯ ದಿನ ಅದೇ ಪಾದವನ್ನು ಚಪ್ಪಲಿಯೊಳಗೆ ಇಟ್ಟು ನೋಡಿದರು, ತೆಗೆದು ನೋಡಿದರು, ಮತ್ತೆ ಇಟ್ಟು ನೋಡಿದರು. ಆಮೇಲೆ, ಈ ಸೊಪ್ಪಿನ ಸತ್ವವನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಬಹುದೇ ಎಂದು ಕೇಳಿದರು.

“ಮದ್ದಿಗೆ ಪರೀಕ್ಷೆ ಎಂತಕೆ ಮಗಾ? ಗುಣ ಆದದ್ದ್ ಕಾಲಿಗೆ ಗೊತ್ತಿತ್ತಲೆ” ಎಂದಳು ರಾಜೀವಿ ಶೆಡ್ತಿ.

“ನನ್ನ ಕಾಲಿಗೆ ಗೊತ್ತಮ್ಮ. ನನ್ನ ಪ್ರೊಫೆಸರಿಗೆ ಗೊತ್ತಾಗಬೇಕಲ್ಲ.”

ಮತ್ತೆ ಅವಲಕ್ಕಿ ತಿನ್ನುತ್ತ ಪರೀಕ್ಷೆಯ ಕ್ರಮವನ್ನೆಲ್ಲ ವಿವರಿಸಿದರು. ಇಲಿಗಳಲ್ಲಿ ಎರಡು ಗುಂಪು, ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೀರು, ಎರಡನ್ನೂ ಹೋಲಿಸಿದರೆ ಮಾತ್ರ ಮದ್ದಿನ ಬಲ ತಿಳಿಯುವುದು ಎಂದು ಬಹಳ ಚೆನ್ನಾಗಿಯೇ ಹೇಳಿದರು. ಚಂದಯ್ಯ ಉದ್ದಕ್ಕೂ ತಲೆಯಾಡಿಸುತ್ತಿದ್ದ. ಆದರೆ ಅವನ ಗಮನ ಇದ್ದದ್ದು ಅವರ ತಟ್ಟೆಯ ಮೇಲೆ. ಅವಲಕ್ಕಿ ಮುಗಿಯುತ್ತ ಬಂದಿತ್ತು.

ಮದ್ದು ಬ್ರಹ್ಮಾವರಕ್ಕೆ ಹೋಗುವುದೆಂದು ತೀರ್ಮಾನವಾದಾಗ ಅವನ ಎದೆ ಉಬ್ಬಿತು. “ಅಬ್ಬಿ, ಹೆಣ್ಣ್ ಗಂಡನ ಮನಿಗೆ ಹೋಪತಿಗೆ ಒಬ್ಳನ್ನೇ ಕಳ್ಸ್ತ್ರಾ? ಮದ್ದಿನ ಸಂಗಡ ನಾ ಹೋತೆ” ಎಂದು ತಾಯಿಗೆ ಹೇಳಿದ. ಪೆಟ್ಟಿಗೆಯಿಂದ ಜರಿಯಂಚಿನ ಶಾಲು ಹೊರಬಂತು. ಮರುದಿನದಿಂದ, ತಾಯಿ ಕೊಯ್ದು ಬಾಳೆಲೆಯಲ್ಲಿ ಕಟ್ಟಿಕೊಟ್ಟ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು, ಬೆಳಗಿನ ಬಸ್ಸಿನಲ್ಲಿ ಕಿಟಕಿ ಬದಿಗೇ ಕುಳಿತು ಹೊರಟ. ಕಂಡಕ್ಟರನಿಗೂ, ಅಕ್ಕಪಕ್ಕದವರಿಗೂ, ಕೋಟದಲ್ಲಿ ಹತ್ತಿದ ಮೀನಿನ ಬುಟ್ಟಿಯ ಹೆಂಗಸಿಗೂ ಸಂಗತಿ ತಿಳಿಯಿತು. ನಮ್ಮ ಮದ್ದನ್ನು ಸರ್ಕಾರ ಕರೆಸಿಕೊಂಡಿದೆ ಎಂದು ಕುಂದಾಪುರದಲ್ಲಿ ಹೇಳಿದವನು ಸಾಲಿಗ್ರಾಮ ದಾಟುವಾಗ ದಿಲ್ಲಿಯ ಹೆಸರನ್ನೂ ತಂದಿದ್ದ.

ಪ್ರಯೋಗಶಾಲೆಯ ಜವಾನ ಕುಷ್ಟ ಅವನನ್ನು ಒಳಗೆ ಕರೆದುಕೊಂಡು ಹೋಗಿ ಇಲಿಗಳನ್ನು ತೋರಿಸಿದ. ಹಾಲಿನಂಥ ಬಿಳಿ ಇಲಿಗಳು. ಮದ್ರಾಸಿನಿಂದ ರೈಲು ಹತ್ತಿ, ಬಸ್ಸು ಹತ್ತಿ ಬಂದವಂತೆ. ಅಷ್ಟು ದೂರದಿಂದ ಬಂದವರನ್ನು ನೆಂಟರೆನ್ನದೆ ಇನ್ನೇನೆನ್ನುವುದು? ಅವುಗಳನ್ನು ಎರಡು ಸಾಲಾಗಿ, ಎದುರು ಬದುರಾಗಿ ಕೂರಿಸಲಾಗಿತ್ತು, ನಡುವೆ ಬಡಿಸುವವನು ಓಡಾಡುವಷ್ಟು ಜಾಗ ಬಿಟ್ಟು. ಡಾಕ್ಟ್ರಮ್ಮ ಬಂದು ಒಂದೊಂದೇ ಇಲಿಯನ್ನೆತ್ತಿ, ಅದರ ಹಿಂಗಾಲನ್ನು ಗಾಜಿನ ಕೊಳವೆಯಲ್ಲಿದ್ದ ಪಾದರಸದೊಳಗೆ ಅದ್ದಿದರು. ಬಾವು ಬರುವ ಮೊದಲು ಪಾದದ ಗಾತ್ರ ಅಳೆದುಕೊಳ್ಳುವ ಉಪಾಯ ಅದು. ಚಂದಯ್ಯನಿಗೆ ಕಂಡದ್ದೇ ಬೇರೆ. ನೆಂಟರಿಗೆ ಕಾಲು ತೊಳೆಯಲು ಕೊಡುವುದನ್ನು ಅವನು ನೋಡಿದ್ದ. ಕರಗಿದ ಬೆಳ್ಳಿಯಂಥದರಲ್ಲಿ ಕಾಲು ತೊಳೆಸುವ ಮರ್ಯಾದೆ ಅವನ ಸ್ವಂತ ಭಾವನಿಗೂ ಸಿಕ್ಕಿರಲಿಲ್ಲ. ಈ ಹೆಣ್ಣುಮಗಳು ದೊಡ್ಡ ಮನೆತನದವಳೇ ಸೈ ಎಂದುಕೊಂಡ.

ಆಮೇಲೆ ಡಾಕ್ಟ್ರಮ್ಮ ಸೊಪ್ಪಿನ ಸತ್ವವನ್ನು, ಮಕ್ಕಳು ಪೆನ್ನಿಗೆ ಶಾಯಿ ತುಂಬುವ ಫಿಲ್ಲರಿನಂಥದರಲ್ಲಿ ಎಳೆದುಕೊಂಡು, ಎಡಗಡೆಯ ಸಾಲಿನ ಇಲಿಗಳ ಬಾಯಿಗೆ ಬಿಡುತ್ತ ಹೋದರು. ಚಂದಯ್ಯ ಮೆಚ್ಚಿ ನೋಡಿದ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಬಲಗಡೆಯ ಸಾಲಿಗೆ ಬಂದರು. ಇನ್ನೊಂದು ಸೀಸೆಯಿಂದ ಏನನ್ನೋ ಕೊಟ್ಟರು. ಕೈ ತೊಳೆದರು. ಕುಷ್ಟನನ್ನು ಕರೆದು, ಊಟ ಮುಗಿಸಿ ಬಂದಮೇಲೆ ಎಲ್ಲ ಇಲಿಗಳ ಪಾದಕ್ಕೂ ಬಾವು ಬರಿಸುವ ಸೂಜಿ ಚುಚ್ಚುವುದೆಂದು ಹೇಳಿ ಹೊರಟೇಬಿಟ್ಟರು.

“ಹ್ವಾಯ್ ಕುಷ್ಟ, ಆಚಿ ಸಾಲಿಗೆ ಬಡಿಸಿದ್ದ್ ಎಂತದ್?”

“ಅದ್ ಬರೀ ನೀರ್, ಶೆಟ್ರೆ.”

“ಮದ್ದ್ ಮತ್ತೆ ಕೊಡ್ತ್ರಾ?”

“ಇಲ್ಲೆ. ಅವ್ಕೆ ನೀರೇ. ನಾಳೆಯೂ ನೀರೇ” ಎಂದು ಕುಷ್ಟ ಬುತ್ತಿ ಹಿಡಿದುಕೊಂಡು ಮಾವಿನ ಮರದಡಿಗೆ ಹೋದ.

ಚಂದಯ್ಯ ಒಬ್ಬನೇ ಉಳಿದ. ಎಡಗಡೆಯವರು ಮೀಸೆ ಒರೆಸಿಕೊಳ್ಳುತ್ತಿದ್ದರು. ಬಲಗಡೆಯವರು ಕಂಬಿಗೆ ಮೂಗಿಟ್ಟು ಅವನನ್ನೇ ನೋಡುತ್ತಿದ್ದರು. ಒಂದೇ ಚಪ್ಪರದಡಿ, ಒಂದೇ ಹಂತಿಯಲ್ಲಿ, ಕಾಲು ತೊಳೆದು ಕೂರಿಸಿದ ನೆಂಟರಲ್ಲಿ ಅರ್ಧ ಮಂದಿಗೆ ಬರೀ ನೀರು. ಅದೂ ಊಟವಾದ ಮೇಲೆ ಎಲ್ಲರಿಗೂ ಒಂದೇ ಸೂಜಿ ಕಾದಿರುವಾಗ. ಅದೂ ಅವನ ಮನೆಯ ಮದ್ದು ಬಡಿಸುವ ಪಂಕ್ತಿಯಲ್ಲಿ. ಅವನ ಬಲಗೈ ತಾನಾಗಿಯೇ ಫಿಲ್ಲರಿನ ಕಡೆ ಹೋಯಿತು. ಮದುವೆ ಮನೆಯಲ್ಲಿ ಮಾಡುವಂತೆಯೇ ಶಾಲನ್ನು ಸೊಂಟಕ್ಕೆ ಬಿಗಿದು, ಪಾತ್ರೆಯಲ್ಲಿ ಉಳಿದಿದ್ದ ಸತ್ವವನ್ನು ಸಾಲಿನ ಮೊದಲಿನಿಂದ ಕೊನೆಯವರೆಗೆ ಬಡಿಸಿದ. ಎರಡನೇ ಸಲವೂ ವಿಚಾರಿಸಿದ. ಒಳ್ಳೆಯ ಬಡಿಸುವವನು ವಿಚಾರಿಸದೆ ಬಿಡುವುದುಂಟೇ?

ಪರೀಕ್ಷೆ ನಡೆದಷ್ಟು ದಿನವೂ ಮಧ್ಯಾಹ್ನ ಡಾಕ್ಟ್ರಮ್ಮ ಊಟಕ್ಕೆ ಹೋಗುವುದು, ಕುಷ್ಟ ಮರದಡಿಗೆ ಹೋಗುವುದು, ಚಂದಯ್ಯ ಶಾಲು ಬಿಗಿಯುವುದು ತಪ್ಪಲಿಲ್ಲ. ಇದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಬಡಿಸುವ ಮೊದಲು ಕೈ ತೊಳೆದೆ ಎಂದು ಯಾರಾದರೂ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ಕೊನೆಯ ದಿನ ಡಾಕ್ಟ್ರಮ್ಮನ ಮುಖ ಸಣ್ಣದಾಗಿತ್ತು. ಚುಚ್ಚಿದ ಔಷಧಿಯೇ ಹಳತಾಗಿತ್ತೋ ಏನೋ, ಯಾವ ಇಲಿಗೂ ನೆಟ್ಟಗೆ ಬಾವು ಬರಲಿಲ್ಲ, ಎರಡು ಸಾಲಿಗೂ ಏನೇನೂ ವ್ಯತ್ಯಾಸವಿಲ್ಲ ಎಂದರು. ಅವರ ದನಿಯಲ್ಲಿದ್ದ ಬೇಸರ ಚಂದಯ್ಯನಿಗೆ ಕೇಳಿಸಲೇ ಇಲ್ಲ. ಎರಡು ಸಾಲಿಗೂ ವ್ಯತ್ಯಾಸವಿಲ್ಲ! ಅವನ ಜೀವಮಾನದಲ್ಲಿ ಇದಕ್ಕಿಂತ ದೊಡ್ಡ ಬಿರುದನ್ನು ಯಾರೂ ಕೊಟ್ಟಿರಲಿಲ್ಲ.

ಗುಲ್ವಾಡಿಯ ಕಡವಿನ ಬದಿಯಲ್ಲಿ ಭೋಜರಾಜ ಶೆಟ್ಟರ ಚಾ ಹೋಟೆಲಿತ್ತು. ಭೋಜರಾಜರು ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. ಮುಂಬಯಿಯ ಕುದುರೆಗಳಿಗೂ ಗುಲ್ವಾಡಿಯವರಿಗಿಂತ ಹೆಚ್ಚು ಬುದ್ಧಿಯಿದೆ ಎಂದು ನಂಬಿದವರು. ಬಸ್ಸಿಳಿದ ಚಂದಯ್ಯ ನೇರ ಅಲ್ಲಿಗೇ ಹೋಗಿ, ಶಾಲು ಸರಿಪಡಿಸಿಕೊಂಡು, ಪರೀಕ್ಷೆ ಮುಗಿಯಿತೆಂದೂ ಎರಡು ಸಾಲಿಗೂ ಎಳ್ಳಷ್ಟು ಭೇದವಿಲ್ಲವೆಂದು ಡಾಕ್ಟ್ರಮ್ಮನೇ ಹೇಳಿದರೆಂದೂ ಸಾರಿದ.

“ಅಚ್ಛಾ” ಎಂದರು ಭೋಜರಾಜರು. “ಒಂದ್ ಸಾಲಿಗೆ ನಿಮ್ಮ ಮದ್ದ್. ಇನ್ನೊಂದ್ ಸಾಲಿಗೆ ಡಾಕ್ಟ್ರಮ್ಮ ಎಂತ ಕೊಟ್ಟದ್ದ್?”

“ಡಾಕ್ಟ್ರಮ್ಮ ಕೊಟ್ಟದ್ದ್ ನೀರೇ. ಆರೆ...”

“ಅಂದ್ರೆ ನಿಮ್ಮ ಅಬ್ಬಿ ಮದ್ದೂ ನೀರೂ ಒಂದೇ ಅಂದೇಳಿ ಆಯ್ತಲೆ ಮಾರಾಯ್ರೆ.”

ಚಂದಯ್ಯ ಮುಂದಿನ ಮಾತಿಗೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ಹೋಟೆಲಿಗೆ ಹೋಟೆಲೇ ನಕ್ಕಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಏನೋ ಎಲ್ಲೋ ತಪ್ಪಿದೆ ಎಂದು ಅನ್ನಿಸಿತು, ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

ಮಾತಿಗೆ ಕಾಲಿಲ್ಲ ಎಂಬುದು ಸುಳ್ಳು. ಆ ಮಾತು ಮರುದಿನ ಬೆಳಗ್ಗೆಯೇ ಊರು ಸುತ್ತಿತ್ತು. ಹೋಟೆಲಿನಲ್ಲಿ ನೀರು ಬೇಕಾದವರು, ರಾಜೀವಿ ಶೆಡ್ತಿ ಮದ್ದು ಒಂದು ಗ್ಲಾಸು ಕೊಡಿ ಎನ್ನತೊಡಗಿದರು. ಮೊಣಕಾಲು ಬೀಗಿದ ಬಚ್ಚ, ನೀರೇ ಮದ್ದಾದರೆ ಹೊಳೆಯಲ್ಲಿ ಬೇಕಾದಷ್ಟಿದೆಯಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಹೊಳೆಯಲ್ಲಿ ಕುಳಿತು, ಬಾವಿನ ಜೊತೆಗೆ ನೆಗಡಿಯನ್ನೂ ಮನೆಗೆ ತಂದ. ಇನ್ನು ಕೆಲವರಿಗೆ ತೋರಿದ್ದು ತಿರುಗಾಮುರುಗಾ: ಮಹಿಮೆ ಸೊಪ್ಪಿನದ್ದಲ್ಲ, ಆ ಮನೆಯ ಬಾವಿಯದ್ದು. ಅವರು ಕೊಡಪಾನ ಹಿಡಿದು ಬಂದರು. ಬಾವಿಕಟ್ಟೆಯ ಜನ ನೋಡಿ ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ಬಂದರು. ಕಾಲರಾ ಬರುವುದಕ್ಕೆ ಇಷ್ಟು ಸಾಕು ಎಂದು ಬಾವಿಗೆ ಬ್ಲೀಚಿಂಗ್ ಪುಡಿ ಸುರಿದು, ಚಂದಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಎರಡು ದಿನ ಮನೆಯ ಗಂಜಿಯೂ ಆಸ್ಪತ್ರೆಯ ವಾಸನೆ ಹೊಡೆಯಿತು.

ಬೈಂದೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಹರಿಣಾಕ್ಷಿ, ತವರಿಗೆ ಬಂದವಳು ಜಗಲಿಯ ಮೇಲೆ ಖಾಲಿ ಕ್ಯಾನೊಂದನ್ನು ಕುಕ್ಕಿದಳು. ಅವಳ ಅತ್ತೆಗೆ ಗಂಟುನೋವು. ವರ್ಷಾ ವರ್ಷ ಅಬ್ಬಿಯ ಮದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಮೆರೆದವಳು ಅವಳು.

“ಈ ಸಲ ಮದ್ದ್ ಬ್ಯಾಡಂಬ್ರ್, ಬಾವಿ ನೀರೇ ಸಾಕಂಬ್ರ್. ಹಾಂಗಂದೇಳಿ ನನ್ನ್ ಅತ್ತಿ ಮನಿಯರೆಲ್ಲ ನೆಗಾಡ್ರ್. ನೀ ಆ ಬ್ರಹ್ಮಾವರಕ್ಕೆ ಶಾಲ್ ಹೊದ್ಕಂಡ್ ಹೋದ್ದ್ ಎಂತಕೆ ಚಂದಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಜಗಲಿಯಲ್ಲಿ ರೋಗಿಗಳಿಲ್ಲ, ಅರೆಯುವ ಕಲ್ಲು ಒಣಗಿತ್ತು. ಆದರೂ ರಾಜೀವಿ ಶೆಡ್ತಿ ಸಂಜೆ ರೂಢಿಯಂತೆ ಲಕ್ಕಿ ಗಿಡದ ಬುಡಕ್ಕೆ ಹೋಗಿ ‘ನಾಳೆ ಬತ್ತೆ’ ಎಂದು ಬರುತ್ತಿದ್ದಳು. ಒಂದು ಸಂಜೆ ಕರು ಕಟ್ಟಲು ಹಿತ್ತಿಲಿಗೆ ಹೋದ ಚಂದಯ್ಯನ ಕಿವಿಗೆ ಬೇರೆಯೇ ಮಾತು ಬಿತ್ತು. ಅವಳು ಗಿಡದ ಎಲೆ ಸವರುತ್ತ ಮೆಲ್ಲಗೆ ಹೇಳುತ್ತಿದ್ದಳು, “ನಾಳೆ ಬಪ್ಪುದಿಲ್ಲೆ. ಬೇಜಾರ್ ಮಾಡ್ಬೇಡ.”

ಚಂದಯ್ಯ ಕರು ಕಟ್ಟುವುದನ್ನು ಮರೆತ. ಕರು ಅಷ್ಟೂ ಹಾಲು ಕುಡಿಯಿತು.

ಆ ವಾರದ ಕೊನೆಗೆ ಡಾಕ್ಟ್ರಮ್ಮ ಕುಷ್ಟನನ್ನು ಕರೆದುಕೊಂಡು ಗುಲ್ವಾಡಿಗೇ ಬಂದರು. ಕಂಡದ್ದನ್ನು ಕಂಡ ಹಾಗೆಯೇ ಪ್ರೊಫೆಸರಿಗೆ ಬರೆಯುವುದು ತನ್ನ ಕರ್ತವ್ಯ, ಮದ್ದಿಗೆ ಗುಣ ಕಾಣಲಿಲ್ಲವೆಂದು ನಾಳೆಯೇ ಬರೆದು ಕಳಿಸಬೇಕು, ಕಳಿಸುವ ಮೊದಲು ಅಮ್ಮನಿಗೆ ಎದುರಿನಲ್ಲೇ ಹೇಳೋಣವೆಂದು ಬಂದೆ ಎಂದರು. ಆ ಕಾಲು ಗುಣವಾದ ದಿನವನ್ನು ತಾನು ಮರೆತಿಲ್ಲ ಎಂದೂ ಹೇಳಿದರು. ರಾಜೀವಿ ಶೆಡ್ತಿ ಎಲ್ಲ ಕೇಳಿ, ಮನೆಗೆ ಬಂದವರು ಉಂಡೇ ಹೋಗಬೇಕು ಎಂದಳು. ಎಲೆ ಹಾಕಿಸಿದಳು. ನೆರೆಮನೆಯ ಭೋಜರಾಜರಿಗೂ ಹೇಳಿ ಕಳಿಸಿದಳು. ಮಾತು ಏನೇ ಇರಲಿ, ನೆರೆಯವರನ್ನು ಬಿಟ್ಟು ನೆಂಟರಿಗೆ ಬಡಿಸುವ ಕ್ರಮ ಆ ಮನೆಯಲ್ಲಿಲ್ಲ.

ಚಂದಯ್ಯ ಸೊಂಟಕ್ಕೆ ಶಾಲು ಬಿಗಿದ. ಅನ್ನ ಬಂತು, ಸಾರು ಬಂತು, ಕೊನೆಗೆ ಸಿಹಿಯಾಗಿ ಹಾಲುಬಾಯಿಯ ತುಂಡುಗಳ ತಟ್ಟೆ ಬಂತು. ಅಂದು ಅವನ ಮನಸ್ಸು ಹಿತ್ತಿಲಿನ ಗಿಡದ ಬುಡದಲ್ಲಿತ್ತೋ ಏನೋ, ಹಿಂದೆಂದೂ ಆಗದ್ದು ಆಗಿಹೋಯಿತು. ಡಾಕ್ಟ್ರಮ್ಮನ ಎಲೆಗೆ ಬಿತ್ತು, ಭೋಜರಾಜರ ಎಲೆಗೆ ಬಿತ್ತು, ಕೊನೆಯಲ್ಲಿದ್ದ ಕುಷ್ಟನ ಎಲೆ ದಾಟಿಹೋಯಿತು.

ಭೋಜರಾಜರು ಹಾಲುಬಾಯಿಯನ್ನು ಬಾಯಿಗಿಟ್ಟುಕೊಳ್ಳುತ್ತ, “ಕುಷ್ಟನ ಎಲೆ ಖಾಲಿ ಇತ್ತಲೆ ಚಂದಯ್ಯ. ಈಗೀಗ ನೀವೂ ಹಂತಿ ಭೇದ ಮಾಡುಕೆ ಸುರು ಮಾಡ್ದ್ರಾ?” ಎಂದರು.

ಮದ್ದನ್ನು ನೀರೆಂದದ್ದನ್ನು ಚಂದಯ್ಯ ನುಂಗಿದ್ದ. ಬ್ಲೀಚಿಂಗ್ ಪುಡಿಯನ್ನು ನುಂಗಿದ್ದ. ಅಕ್ಕನ ಕ್ಯಾನನ್ನೂ ನುಂಗಿದ್ದ. ಈ ಮಾತು ಗಂಟಲಿನಲ್ಲಿ ಇಳಿಯಲಿಲ್ಲ. ಅವನು ಕುಷ್ಟನ ಎಲೆಗೆ ಎರಡು ತುಂಡು ಹಾಕಿ, ತಟ್ಟೆ ಹಿಡಿದೇ ಭೋಜರಾಜರ ಎದುರು ನೆಟ್ಟಗೆ ನಿಂತ.

“ಭೋಜರಾಜಣ್ಣ, ಮತ್ತ್ ಎಂತ ಬೇಕಾರೂ ಹೇಳಿ, ಅದೊಂದ್ ಹೇಳ್ಬೇಡಿ. ನಾ ಇಲಿಗೂ ಭೇದ ಮಾಡ್ದವ ಅಲ್ಲ. ಬ್ರಹ್ಮಾವರದಗೆ ಡಾಕ್ಟ್ರಮ್ಮ ಬಿಟ್ಟ್ ಹೋದ ಸಾಲಿಗೂ ಅಬ್ಬಿ ಮದ್ದನ್ನ ನಾನೇ ಬಡ್ಸಿದ್ದೆ. ಬೇಕಾರೆ ಆ ಇಲಿಗಳನ್ನೇ ಕೇಣಿ.”

ಡಾಕ್ಟ್ರಮ್ಮನ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು.

“ನೀರಿನ ಸಾಲಿಗೆ?” ಎಂದರು.

“ಹೌದ್.”

“ಯಾವತ್ತು?”

“ದಿನಾ. ಎರಡನೇ ಸಲವೂ ಕೇಂಡಿದ್ದೆ” ಎಂದ ಚಂದಯ್ಯ, ಹೆಮ್ಮೆಯಿಂದ.

ಕುಷ್ಟ ಎಲೆಯ ಮೇಲೆ ಬಗ್ಗಿದವನು ತಲೆಯೆತ್ತಲೇ ಇಲ್ಲ. ಡಾಕ್ಟ್ರಮ್ಮನ ಮುಖ ಮೊದಲು ಕೆಂಪಾಯಿತು. ಬಯ್ಯುವುದಕ್ಕೆಂದೇ ಉಸಿರೆಳೆದುಕೊಂಡರು. ಹೊರಬಂದದ್ದು ನಗು. ಎಡಗೈಯಲ್ಲಿ ಹಣೆ ಒತ್ತಿಕೊಂಡು, ಬಿಕ್ಕಳಿಕೆ ಬರುವವರೆಗೆ ನಕ್ಕರು. ಎರಡೂ ಸಾಲು ಮದ್ದು ಕುಡಿದಿದ್ದರೆ ಬಾವು ಬಾರದಿದ್ದದ್ದು ಸೂಜಿಯ ದೋಷವಲ್ಲದೆಯೂ ಇರಬಹುದು ಎಂದರು. ಆದರೆ ಇರಬಹುದು ಎಂಬುದು ಸಾಕ್ಷಿಯಲ್ಲ, ಹೊಸ ಇಲಿಗಳನ್ನು ತರಿಸಿ ಮೊದಲಿನಿಂದ ಮಾಡಬೇಕು, ಈ ಸಲ ನೀರಿನ ಸಾಲಿಗೆ ನೀರೇ ಎಂದರು.

ಚಂದಯ್ಯ ತಟ್ಟೆ ಕೆಳಗಿಟ್ಟ. ತಾಯಿಯ ಮರ್ಯಾದೆಗೆ ಜೀವ ಬೇಕಾದರೂ ಕೊಡುತ್ತೇನೆ, ಆದರೆ ಅಂಥ ಪಂಕ್ತಿಗೆ ನಮ್ಮ ಮನೆಯ ಮದ್ದು ಕೊಡಲಾರೆ ಎಂದ. ಡಾಕ್ಟ್ರಮ್ಮ ವಿಜ್ಞಾನ ಹೇಳಿದರು, ಭೋಜರಾಜರು ಮುಂಬಯಿ ಹೇಳಿದರು. ಅವನು ಅಲ್ಲಾಡಲಿಲ್ಲ.

ಬಾಗಿಲ ಬಳಿ ನಿಂತಿದ್ದ ರಾಜೀವಿ ಶೆಡ್ತಿ ಕೇಳಿದಳು, “ಮಗಾ, ಶನಿವಾರ ರಾತ್ರಿ ಒಪ್ಪೊತ್ತ್ ಮಾಡುವರ ಎಲಿಗೆ ನೀ ಅನ್ನ ಬಡಿಸ್ತ್ಯಾ?”

“ಹ್ಯಾಂಗ್ ಬಡಿಸುದ್? ವ್ರತ ಕೆಡ್ತಿಲ್ಯಾ?”

“ಅದ್ ಭೇದವಾ?”

“ಅಲ್ಲ.”

“ಆ ಸಾಲಿನ ಇಲಿಗಳೂ ಒಪ್ಪೊತ್ತಿನವು ಅಂದೇಳಿ ತಿಳ್ಕೊ.”

ಚಂದಯ್ಯ ಮೇಲಿನ ಮಾಡು ನೋಡಿದ, ನೆಲ ನೋಡಿದ. ಶಾಸ್ತ್ರದಲ್ಲಿ ಒಂದು ಎಳೆ ಮಾತ್ರ ಬಾಕಿಯಿತ್ತು. “ವ್ರತ ಮುಗ್ದ್ ಮೇಲೆ ಅವ್ಕೂ ಬಡಿಸ್ಲಕ್ಕಾ?” ಎಂದು ಕೇಳಿದ. ಅಳತೆ ಮುಗಿದ ಮರುಕ್ಷಣವೇ ಬಡಿಸಬಹುದು ಎಂದರು ಡಾಕ್ಟ್ರಮ್ಮ.

“ಹಾಂಗಾರೆ ಅಡ್ಡಿಲ್ಲೆ” ಎಂದ ಚಂದಯ್ಯ.

ಆ ಸಂಜೆ ರಾಜೀವಿ ಶೆಡ್ತಿ ಹಿತ್ತಿಲಿಗೆ ಹೋಗಿ ಗಿಡಕ್ಕೆ ಅಕ್ಕಿಕಾಳು ಹಾಕಿದಳು. ಏನು ಹೇಳಿದಳೋ, ಕೇಳಿದವರಿಲ್ಲ. ಆದರೆ ಬರುವಾಗ ನಡಿಗೆ ಹಗುರಾಗಿತ್ತು.

ಎರಡನೇ ಪರೀಕ್ಷೆಯ ಮಧ್ಯಾಹ್ನಗಳಲ್ಲಿ ಚಂದಯ್ಯ ಪ್ರಯೋಗಶಾಲೆಯ ಬಾಗಿಲಿಗೆ ಬೆನ್ನು ಹಾಕಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತ. ಕುಷ್ಟ ಬೀಗ ಹಾಕಿ, ಆ ಬೀಗದ ಕೈಯನ್ನು ಬುತ್ತಿಯೊಳಗಿಟ್ಟುಕೊಂಡು ಉಂಡ. ಒಳಗಿನಿಂದ ಚಿಂವ್ ಎಂಬ ಸದ್ದು ಬಂದಾಗಲೆಲ್ಲ ಚಂದಯ್ಯ, “ವ್ರತ ಮಗಾ, ವ್ರತ” ಎನ್ನುತ್ತಿದ್ದ.

ಕೊನೆಯ ದಿನ ಡಾಕ್ಟ್ರಮ್ಮ ಅಳೆದರು, ಮತ್ತೆ ಅಳೆದರು, ಕುಷ್ಟನಿಂದಲೂ ಅಳೆಸಿದರು. ನೀರಿನ ಸಾಲಿನವುಗಳ ಪಾದ ಹಲಸಿನ ಬೀಜದಂತೆ ಉಬ್ಬಿತ್ತು. ಮದ್ದಿನ ಸಾಲಿನವುಗಳ ಪಾದದಲ್ಲಿ ಬಾವು ಹುಡುಕಬೇಕಿತ್ತು. ಅವರು ಹೊರಗೆ ಬಂದು, “ಶೆಟ್ರೆ, ಭೇದ ಇದೆ. ಬೇಕಾದಷ್ಟಿದೆ” ಎಂದರು. ಇದು ಮೊದಲ ಮೆಟ್ಟಿಲು ಮಾತ್ರ, ಹತ್ತುವುದು ಇನ್ನೂ ಬಹಳವಿದೆ ಎಂದೂ ಸೇರಿಸಿದರು. ಚಂದಯ್ಯನಿಗೆ ಮುಂದಿನದ್ದು ಕೇಳಿಸಲಿಲ್ಲ. ಪಂಕ್ತಿಯಲ್ಲಿ ಭೇದ ಕಂಡಿತೆಂದು ಅವನು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಶಾಲು ಬಿಗಿದು ಒಳಗೆ ಹೋಗಿ ವ್ರತದವರ ಸಾಲಿಗೆ ಪಾರಣೆ ಮಾಡಿಸಿದ.

ಮನೆಗೆ ಬಂದು ಸುದ್ದಿ ಹೇಳಿದಾಗ ರಾಜೀವಿ ಶೆಡ್ತಿ, ನೀರಿನ ಸಾಲಿನವು ಹುಷಾರಾದವೇ ಎಂದು ಮಾತ್ರ ಕೇಳಿದಳು.

ಮಳೆಗಾಲ ಕಳೆದು ಮರುವರ್ಷ ಜಗಲಿಯಲ್ಲಿ ಜಾಗವಿರಲಿಲ್ಲ. ಬೈಂದೂರಿನಿಂದ ಹರಿಣಾಕ್ಷಿಯ ಅತ್ತೆಯೇ ಬಂದು ಕುಳಿತಿದ್ದಳು. ಸಾಲಿನ ತುದಿಯಲ್ಲಿ, ಯಾರ ಮುಖವನ್ನೂ ನೋಡದೆ, ಒಂದು ಕಾಲು ಚಾಚಿ ಕುಳಿತವರು ಭೋಜರಾಜ ಶೆಟ್ಟರು. ಕುದಿಯುವ ಚಾ ಪಾತ್ರೆ ಇಳಿಸುವಾಗ ಕಾಲು ಉಳುಕಿ, ಪಾದ ಪಂಪ್ ಹೊಡೆದ ಸೈಕಲ್ ಟ್ಯೂಬಿನಂತಾಗಿತ್ತು.

ಚಂದಯ್ಯ ಮದ್ದಿನ ಪಾತ್ರೆ ಹಿಡಿದು ಬಡಿಸುತ್ತ ಬಂದವನು ಅವರ ಎದುರು ನಿಂತ. ನಿಂತವನು ಪಾತ್ರೆಯನ್ನು ಕೆಳಗಿಟ್ಟು ಒಳಗೆ ಹೋದ. ಒಂದು ಚೊಂಬು ನೀರು ತಂದು ಅವರ ಮುಂದಿಟ್ಟ. ಜಗಲಿಯಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಭೋಜರಾಜರು ಚೊಂಬನ್ನು ನೋಡಿದರು, ಚಂದಯ್ಯನನ್ನು ನೋಡಿದರು.

“ಮೊದ್ಲ್ ಕಾಲ್ ತೊಳ್ಕಣಿ ಭೋಜರಾಜಣ್ಣ. ನಮ್ಮಲ್ಲಿ ಬೆಳ್ಳಿ ಇಲ್ಲೆ, ನೀರೇ” ಎಂದ ಚಂದಯ್ಯ.

ಅವರು ತೊಳೆದುಕೊಂಡರು. ಆಮೇಲೆ ಅವನು ಸಾಲಿನ ಮೊದಲಿನವನಿಗೆ ಎಷ್ಟು ಬಡಿಸಿದ್ದನೋ ಅಷ್ಟೇ ಮದ್ದನ್ನು, ಒಂದು ಹನಿ ಹೆಚ್ಚಿಲ್ಲದೆ, ಒಂದು ಹನಿ ಕಡಿಮೆಯಿಲ್ಲದೆ, ಅವರ ಲೋಟಕ್ಕೂ ಬಡಿಸಿದ. ಎರಡನೇ ಸಲವೂ ವಿಚಾರಿಸಿದ.